ಮುಂದುವರಿಯುವ ಚಿತ್ರಕಥೆಗಳೂ ವಾಚಕರ ನಿರೀಕ್ಷೆಯೂ

ನಮ್ಮ ಶಾಲೆಯ ಪುಸ್ತಕಭಂಡಾರದಲ್ಲಿ ಚಿತ್ರಕಥೆಗಳ ಪುಸ್ತಕಗಳನ್ನು ಕಂಡು ಹುಬ್ಬು ಗಂಟಿಕ್ಕುವ ಪೋಷಕರು ಕೆಲವರುಂಟು. ಅವು ಅಲ್ಲಿಗೆ ಬಂದ ಬಗೆಯನ್ನು ತಿಳಿಸಿದರೆ ಅವರ ಸಂದೇಹವು ಸ್ವಲ್ಪಮಟ್ಟಿಗಾದರೂ ಪರಿಹಾರವಾದೀತೆಂದು ನಂಬಿದ್ದೇವೆ.

ಕೆಲವು ವರ್ಷಗಳ ಕೆಳಗೆ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ದೊಡ್ಡದೊಂದು ಕಟ್ಟನ್ನು ತಂದು ನಮ್ಮ ಮೇಜಿನ ಮೇಲಿರಿಸಿ, “ಅಮ್ಮನವರೇ, ಇವನ್ನು ಇನ್ನು ನಾನು ಓದಲಾರೆ; ಮನೆಯಲ್ಲಿಟ್ಟುಕೊಳ್ಳಲೂ ಆರೆ” ಎಂದಳು. ಅಮೆರಿಕಾ ದೇಶದ ‘ಸ್ಪೈಡರ್‌ಮ್ಯಾನ್’ ಚಿತ್ರಕಥಾಮಾಲೆಯನ್ನು ಆಕೆ ನಮ್ಮ ಬೋರ್ಡಿಂಗಿನಲ್ಲಿದ್ದ ದಿನಗಳಿಂದಲೂ ಓದುತ್ತ ಬಂದವಳು. ೧೯೬೨ರಲ್ಲಿ ಶಾಲೆಯ ಹುಡುಗನಾಗಿ ಕಾಣಿಸಿಕೊಂಡ ಪೀಟರ್ ಪಾರ್ಕರನೆಂಬ ಕಥಾನಾಯಕನಿಗೆ ೧೯೮೭ರಲ್ಲಿ ಮೇರಿ ಜೇನ್ ಎಂಬವಳೊಡನೆ ವಿವಾಹವಾಯಿತು. ಇಪ್ಪತ್ತು ವರ್ಷ ವಾಚಕರು ಅವರ ಸಂಸಾರದ ಸುಖದುಃಖಗಳನ್ನು ಕಂಡರು. ೨೦೦೭ರಲ್ಲಾದರೋ, ತನ್ನನ್ನು ಸಾಕಿ ಸಲಹಿದ ವೃದ್ಧೆಯ ಪ್ರಾಣವನ್ನುಳಿಸುವ ಸಲುವಾಗಿ ಆ ದಂಪತಿಗಳು ಪಿಶಾಚನೊಬ್ಬನೊಡನೆ ಒಡಂಬಡಿಕೆ ಮಾಡಿಕೊಳ್ಳಲು, ಆ ವಿವಾಹವೇ ನಡೆಯಲಿಲ್ಲವೆಂಬಂತೆ ಅಳಿಸಿಹೋಯಿತು!

ವಾಚಕರ ಇಷ್ಟದಂತೆಯೇ ಕಥೆಯು ನಡೆಯತಕ್ಕದ್ದೆಂಬುದು ನಮ್ಮ ಮತವಲ್ಲ. ಅದರ ಫಲವನ್ನು ಲೋಕವು ೧೯೮೮ರಲ್ಲಿ ಕಂಡಿದೆ. ‘ಬ್ಯಾಟ್‌ಮ್ಯಾನ್’ ಕಥೆಯಲ್ಲಿ ರಾಬಿನ್ ಆಗಿದ್ದ ಜೇಸನ್ ಟಾಡ್ ಎಂಬ ಹುಡುಗನು ಬದುಕಬೇಕೋ ಸಾಯಬೇಕೋ ಎಂದು ಪ್ರಕಾಶಕರು ಟೆಲಿಫೋನಿನ ಮೂಲಕ ವಾಚಕರನ್ನೇ ಕೇಳಿದರು. ಬದುಕಲೆಂದು ಬಂದ ಕರೆಗಳು ೫,೨೭೧. ಸಾಯಲೆಂದು ಬಂದವು ೫,೩೪೩. ಕೇವಲ ೭೨ ಕರೆಗಳ ಅಂತರದಿಂದ ಹುಡುಗನು ಸತ್ತನು. ಬಾಲಕನೊಬ್ಬನ ಮರಣಕ್ಕಾಗಿ ಹಣ ತೆತ್ತು ಕರೆಮಾಡಿದವರು ಅಷ್ಟು ಮಂದಿ ಇದ್ದರೆಂಬುದನ್ನು ಬರೆಯಲು ನಮ್ಮ ಲೇಖನಿಯು ಹಿಂಜರಿಯುತ್ತದೆ. ೨೦೦೫ರಲ್ಲಿ ಅವನು ಮತ್ತೆ ಬದುಕಿ ಬಂದನೆಂಬುದು ಬೇರೆ ಮಾತು.

ಆದಕಾರಣ ನಿರೀಕ್ಷೆಯು ಭಂಗವಾಯಿತೆಂಬ ಮಾತ್ರಕ್ಕೆ ಗ್ರಂಥಕರ್ತನನ್ನು ದೂರಲಾಗದು. ೧೯೭೩ರಲ್ಲಿ ಅದೇ ಪೀಟರನ ಪ್ರಿಯೆಯಾದ ಗ್ವೆನ್ ಸ್ಟೇಸಿಯು ಸೇತುವೆಯಿಂದ ಬಿದ್ದು ಮಡಿದಾಗಲೂ ವಾಚಕರು ಕೆರಳಿದರು. ಆದರೆ ಆ ದುಃಖವನ್ನು ನಾಯಕನು ಹೊತ್ತು ನಡೆದನು. ಕಥೆಯೂ ಅದರಿಂದ ಬೆಳೆಯಿತು. ವಿವಾಹವನ್ನು ಅಳಿಸಿದುದು ಅಂಥದಲ್ಲ. ಮುಕ್ತಾಯವಿಲ್ಲದ ಕಥೆಯಲ್ಲಿ ಓದುವವಳಿಗೆ ವಯಸ್ಸಾಗುತ್ತದೆ, ನಾಯಕನಿಗೆ ಆಗಕೂಡದು. ಹೊಸ ವಾಚಕರ ಕೈಗೆ ಅವನು ಯುವಕನಾಗಿಯೇ ದೊರೆಯಬೇಕು. ಇದು ವ್ಯಾಪಾರದ ಅಗತ್ಯವೇ ಹೊರತು ಕಥೆಯದಲ್ಲ. ಬೇರೆ ದಾರಿಯೇ ಇರಲಿಲ್ಲವೆನ್ನುವಂತೆಯೂ ಇಲ್ಲ. ಅದೇ ದೇಶದ ‘ಗ್ಯಾಸೊಲಿನ್ ಆ್ಯಲಿ’ ಎಂಬ ಪತ್ರಿಕಾ ಚಿತ್ರಮಾಲೆಯಲ್ಲಿ ೧೯೨೧ರಲ್ಲಿ ಬಾಗಿಲ ಮುಂದೆ ಬಿಟ್ಟುಹೋಗಿದ್ದ ಸ್ಕೀಜಿಕ್ಸ್ ಎಂಬ ಶಿಶುವು ವರ್ಷವರ್ಷಕ್ಕೂ ಬೆಳೆದು, ಯುದ್ಧಕ್ಕೆ ಹೋಗಿ, ಮದುವೆಯಾಗಿ, ಗೃಹಸ್ಥನೂ ಆದನು. ಅವನೊಡನೆ ವಾಚಕರೂ ದೊಡ್ಡವರಾದರು.

ಇಷ್ಟನ್ನು ನಮ್ಮ ವಿದ್ಯಾರ್ಥಿನಿಗೆ ಹೇಳಿದೆವು. ಆಕೆ ಸುಮ್ಮನೆ ಕೇಳಿ ಹೊರಟುಹೋದಳು. ಕಟ್ಟಿನಲ್ಲಿದ್ದ ಪುಸ್ತಕಗಳು ಭಂಡಾರದಲ್ಲಿಯೇ ಇವೆ. ೧೯೮೭ರ ಮದುವೆಯ ಸಂಚಿಕೆಯನ್ನು ಮಾತ್ರ ತಿಂಗಳಾಗುವುದರೊಳಗೆ ಬಂದು ಕೇಳಿ ಒಯ್ದಳು.