ಬಿಸಿ ರೊಟ್ಟಿಗಿಂತ ಖಡಕ್ ರೊಟ್ಟಿ ಛಲೋ ಅಂತೀನಿ, ಬೇಕಾದ್ರ ಬೈರಿ

ಅಕ್ಕಾರ, ತಂಗೇರ, ವೈನಿ, ಕಾಕು, ನಮ್ಮ ಓಣಿಯ ಗೆಳತೇರ, ಈ ಸಲ ಬರದದ್ದು ಓದಿ ನಿಮಗ ಸಿಟ್ಟು ಬರ್ತೈತಿ ಅಂತ ನನಗ ಮೊದಲ ಗೊತ್ತೈತಿ. ಬರಲಿ. ಆದ್ರ ಪೂರಾ ಓದಿ ಆಮ್ಯಾಲೆ ಬೈರಿ.

ಹೋದ ತಿಂಗಳ ನಮ್ಮ ಬೀಗರ ಮನಿಯೊಳಗ ಕುಬಸ ಇತ್ತು. ಊಟ ಆದಮ್ಯಾಲೆ ಎಲಿಅಡಿಕಿ ಹಾಕ್ಕೊಂತ ಕುಂತಾಗ ಯಾರೋ ಅಂದ್ರು, "ಏನ ಅನ್ರಿ, ಹಂಚಿನ ಮ್ಯಾಲಿಂದ ಸೀದಾ ತಾಟಿಗೆ ಬಿದ್ದ ಬಿಸಿ ರೊಟ್ಟಿ ಮುಂದ ಯಾವ ಪಕ್ವಾನ್ನನೂ ಇಲ್ಲ." ಎಲ್ಲಾರೂ ಹೌದ್ಹೌದು ಅಂದ್ರು. ನಾ ಸುಮ್ನ ಇರಬೇಕಿತ್ತು, ಇರಲಿಲ್ಲ. "ನನಗ ಖಡಕ್ ರೊಟ್ಟಿನ ಸೇರ್ತೈತಿ. ಈ ಬಿಸಿ ರೊಟ್ಟಿ ಹಟ ಬಿಡಬೇಕು ನಾವು" ಅಂದೆ. ತಗೋರಿ! ಒಬ್ಬಾಕಿ ನಕ್ಕಳು, ಒಬ್ಬಾಕಿ ಮಾರಿ ತಿರುವಿದಳು. ನಮ್ಮ ನಾದನಿ ಅಂತೂ, "ಸೊಸಿಗೆ ರೊಟ್ಟಿ ಬಡಿಯಾಕ ಬರಂಗಿಲ್ಲ, ಅದನ್ನ ಮುಚ್ಚಾಕ ಹಿಂಗ ಮಾತಾಡ್ತಾಳ" ಅಂದ್ಲು. ಸೊಸಿ ಅಲ್ಲೇ ಕುಂತಿದ್ಲು. ತಲಿ ತಗ್ಗಿಸಿದ್ಲು.

ಕಾರ್ಯದ ಮನಿ ಅಂತ ಅವತ್ತ ಬಾಯಿ ಮುಚ್ಚಿಕೊಂಡೆ. ಇಲ್ಲಿ ಮುಚ್ಚಂಗಿಲ್ಲ. ಮುಖ್ಯ ಮಾತಿಗೆ ಬರೂಕಿಂತ ಮೊದಲ, ಹೊಟ್ಟಿಯೊಳಗ ಭಾಳ ವರ್ಷದಿಂದ ಇಟ್ಟುಕೊಂಡ ಬ್ಯಾರೆ ನಾಕು ಮಾತೂ ಹೇಳಿಬಿಡ್ತೀನಿ.

ಒಂದನೇದು, ಉಪ್ಪಿಟ್ಟು. "ಮತ್ತ ಉಪ್ಪಿಟ್ಟ?" ಅಂತ ಮೂಗು ಮುರಿಯೂದು ಈಗ ಫ್ಯಾಶನ್ ಆಗೈತಿ. ತಪ್ಪು ಉಪ್ಪಿಟ್ಟಿಂದಲ್ಲ. ರವಾ ಘಮ್ಮಂತ ವಾಸನಿ ಬರೂತನಕ ಹುರಿಯಂಗಿಲ್ಲ, ಕುದಿಯೂ ನೀರಿಗೆ ಹಾಕಂಗಿಲ್ಲ, ಮ್ಯಾಲೆ ಮುಚ್ಚಿ ಐದು ನಿಮಿಷ ಬಿಡಂಗಿಲ್ಲ, ಆಮ್ಯಾಲೆ ಸಿಮೆಂಟ್ ಅಂತ ಹೆಸರಿಡೂದು. ಹೊತ್ತಲ್ಲದ ಹೊತ್ತಿನ್ಯಾಗ ಹತ್ತು ಮಂದಿ ಬಂದು ಕುಂತ್ರ ಕಾಲು ತಾಸಿನ್ಯಾಗ ಮಾನ ಉಳಿಸೂ ತಿನಿಸು ಬ್ಯಾರೆ ಯಾವುದೈತಿ ಹೇಳ್ರಿ. ನಗೂವವರು ಒಮ್ಮೆನೂ ಮಾಡಿದವರಲ್ಲ, ಬರೇ ತಿಂದವರು.

ಎರಡನೇದು, ಧಾರವಾಡ ಪೇಡೆ. ಒಂದು ತಿಂದ್ರ ಸಾಕು, ಎರಡನೇದು ಗಂಟಲದಾಗ ಇಳಿಯಂಗಿಲ್ಲ ನನಗ. ಅಷ್ಟು ಸಿಹಿ. ಖೋವಾ ಕಂದು ಬಣ್ಣ ಬರೂತನಕ ಹುರಿಯೂದು ಛಲೋನ ಐತಿ, ಆದ್ರ ಮ್ಯಾಲೆ ಸಕ್ಕರಿಯೊಳಗ ಹೊರಳಾಡಸೂದು ಯಾಕ? ಪಂಚಮಿಗೆ ಮನಿಯೊಳಗ ಕಟ್ಟೂ ಶೇಂಗಾ ಉಂಡಿ ನನಗ ಅದಕ್ಕಿಂತ ಮ್ಯಾಲೆ.

ಮೂರನೇದು, ಉಪವಾಸದ ಸಾಬೂದಾಣಿ ಖಿಚಡಿ. ಬಟ್ಟಲ ತುಂಬ ತುಪ್ಪ ಹಾಕಿದ ಖಿಚಡಿ ತಿಂದು, ಮಧ್ಯಾಹ್ನ ಮಲಕೊಂಡು, "ಇವತ್ತ ಸ್ವಾಮಾರ, ಏನೂ ತಿಂದಿಲ್ಲ" ಅಂತೀವಿ. ಶಿವನಿಗೂ ನಗಿ ಬರ್ತಿರಬೇಕು.

ನಾಕನೇದು, ಹೋಳಿಗಿ. ಹೋಳಿಗಿಗಿಂತ ಹೋಳಿಗಿ ಸಾರ ಛಲೋ. ಬ್ಯಾಳಿ ಬಸಿದ ಕಟ್ಟು, ಚೂರು ಹೂರಣ, ಹುಣಸಿಹಣ್ಣು, ಒಣಕೊಬ್ರಿ, ಮಸಾಲಿ. ಎರಡನೇ ದಿನಕ್ಕ ಅದರ ರುಚಿನ ಬ್ಯಾರೆ. ಹೊಗಳೂದು ಮಾತ್ರ ಹೋಳಿಗಿಯನ್ನ.

ಇವು ಸಣ್ಣ ಜಗಳ. ನಗ್ರಿ, ಬಿಡ್ರಿ. ದೊಡ್ಡ ಜಗಳ ರೊಟ್ಟಿದು.

ನನ್ನ ತವರಮನಿ ನವಲಗುಂದ ಕಡೆ. ಎರಿ ಹೊಲ, ಹಿಂಗಾರಿ ಬಿಳಿಜ್ವಾಳ. ಕಲಘಟಗಿಗೆ ಸೊಸಿಯಾಗಿ ಬಂದಾಗ ಇಲ್ಲಿ ಭತ್ತದ ಗದ್ದಿ ನೋಡಿ, "ಇವರು ಅನ್ನ ಉಣ್ಣೋ ಮಂದಿ, ರೊಟ್ಟಿ ಕಾಟ ತಪ್ಪಿತು" ಅಂತ ಒಳಗೊಳಗ ಖುಷಿಪಟ್ಟಿದ್ದೆ. ಎಲ್ಲಿದು! ಭತ್ತ ಬೆಳದವರಿಗೂ ರೊಟ್ಟಿ ಇಲ್ಲದ ಊಟ ಊಟಲ್ಲ. ಅದೂ ಬಿಸಿದ ಬೇಕು.

ಬಿಸಿ ರೊಟ್ಟಿ ಅಂದ್ರ ಏನು ಅಂತ ಉಣ್ಣಾಕ ಕುಂತವರಿಗೆ ಗೊತ್ತಿಲ್ಲ, ನಮಗ ಗೊತ್ತೈತಿ. ಗೋದಿ ಹಿಟ್ಟಿಗೆ ತಾನ ಜಿಗಿ ಇರ್ತೈತಿ, ಮುಂಜಾನೆ ನಾದಿಟ್ಟು ಬ್ಯಾರೆ ಕೆಲಸಕ್ಕ ಹೋಗಬಹುದು. ಜ್ವಾಳದ ಹಿಟ್ಟಿಗೆ ಆ ಜಿಗಿ ಇಲ್ಲ. ಕುದಿಯೂ ಎಸರು ಹಾಕಿದ್ರ ಮಾತ್ರ ಹಿಟ್ಟು ಕೂಡತೈತಿ. ಅದನ್ನೂ ಒಮ್ಮೆಲೆ ನಾದಿ ಇಡಾಕ ಬರಂಗಿಲ್ಲ, ಅಂಚು ಸೀಳತಾವ. ಎರಡು ರೊಟ್ಟಿ ಹಿಟ್ಟು ನಾದು, ಬಡಿ, ಹಂಚಿಗೆ ಹಾಕು, ನೀರು ಸವರು, ತಿರುವು, ಮತ್ತ ನಾದು. ಹಿಂಗಾಗಿ ಬಿಸಿ ರೊಟ್ಟಿ ಅಂದ್ರ, ಎಲ್ಲಾರೂ ಉಣ್ಣೂತನಕ ಒಬ್ಬಾಕಿ ಹಂಚಿನ ಮುಂದ ಇರಬೇಕು ಅಂತನ ಅರ್ಥ. ಬ್ಯಾರೆ ಹಾದಿನ ಇಲ್ಲ. ಒಬ್ಬರ ತಾಟಿನ್ಯಾಗ ರೊಟ್ಟಿ ಬಿಸಿ ಇರಬೇಕಂದ್ರ ಇನ್ನೊಬ್ಬರ ತಾಟು ಖಾಲಿ ಇರಬೇಕು.

ನಮ್ಮವ್ವಂದು ಒಂದು ಲೆಕ್ಕ ಹೇಳ್ತೀನಿ. ನಮ್ಮ ಮನಿಯೊಳಗ ಒಂಬತ್ತು ಮಂದಿ. ಒಬ್ಬರಿಗೆ ಹೊತ್ತಿಗೆ ಮೂರು ರೊಟ್ಟಿ, ದಿನಕ್ಕ ಎರಡು ಹೊತ್ತು. 54 ರೊಟ್ಟಿ ಆತು. ವರ್ಷಕ್ಕ ಹತ್ತತ್ರ 20,000. ನಲವತ್ತು ವರ್ಷಕ್ಕ 8 ಲಕ್ಷ. ಅರ್ಧ ನಮ್ಮ ದೊಡ್ಡವ್ವ ಬಡದ್ಲು ಅಂತ ಹಿಡಿದ್ರೂ ನಮ್ಮವ್ವನ ಪಾಲಿಗೆ 4 ಲಕ್ಷ. ಈ ಲೆಕ್ಕ ನಾ ಒಂದಿನ ರಾತ್ರಿ ನಿದ್ದಿ ಬರಲಾರದಾಗ ಹಾಕಿದ್ದು. ಆಮ್ಯಾಲೆ ಇನ್ನೊಂದು ಲೆಕ್ಕ ಹಾಕಾಕ ನೋಡಿದೆ, ಆ ನಾಕು ಲಕ್ಷದಾಗ ಬಿಸಿ ಇದ್ದಾಗ ಅಕಿ ತಿಂದಿದ್ದು ಎಷ್ಟು ಅಂತ. ಒಂದೂ ನೆನಪಾಗಲಿಲ್ಲ. ನೆನಪಾಗಿದ್ದು ಅಕಿ ಒಲಿ ಮುಂದ ಕುಂತು, ಸೀದ ಅಂಚಿನ ಕಡೀ ರೊಟ್ಟಿ ಮುರಕೊಂಡು, ಬೋಗಣಿ ತಳದಾಗಿನ ಪಲ್ಯ ಬಳಕೊಂಡು ಉಣ್ಣೂದು. ನಾವೆಲ್ಲಾ "ಅವ್ವನ ರೊಟ್ಟಿ" ಅಂತ ಹಾಡಿ ಹೊಗಳೂ ಆ ರುಚಿ ಅವ್ವಗ ಗೊತ್ತ ಇರಲಿಲ್ಲ.

ಅದಕ್ಕ ನಾ ಅನ್ನೂದು, ಖಡಕ್ ರೊಟ್ಟಿ ನ್ಯಾಯದ ರೊಟ್ಟಿ. ವಾರಕ್ಕೊಮ್ಮೆ ಇಬ್ಬರು ಕೂಡಿ ಕುಂತು, ಮಾತಾಡ್ಕೊಂತ, ತೆಳ್ಳಗ ಬಡದು, ಹದಾ ಉರಿಯೊಳಗ ನೀರಿನ ಪಸಿ ಪೂರಾ ಹೋಗೂತನಕ ಬೇಯಿಸಿ ಬುಟ್ಟಿಗೆ ಹಾಕಿದ್ರ ಮುಗೀತು. ಪಸಿ ಇಲ್ಲದ್ದಕ್ಕ ತಿಂಗಳಾನುಗಟ್ಟಲೆ ಕೆಡಂಗಿಲ್ಲ. ಉಣ್ಣೂ ಹೊತ್ತಿಗೆ ಮಾಡಿದಾಕಿನೂ ಎಲ್ಲಾರ ಜೋಡಿ ಕುಂಡ್ರತಾಳ. ಗುರೆಳ್ಳ ಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಮಡಿಕಿಕಾಳ ಪಲ್ಯ. ಮುರದಾಗ ಬರೂ ಆ ಕಟಂ ಸಪ್ಪಳ ಬಿಸಿ ರೊಟ್ಟಿಗೆ ಎಲ್ಲಿ ಬರಬೇಕು?

"ಸಂಪ್ರದಾಯ" ಅಂತೀರಿ. ಯಾವ ಸಂಪ್ರದಾಯ? ರೊಟ್ಟಿ ಪಂಚಮಿಗೆ ನಾವು ಓಣಿ ತುಂಬ ಹಂಚೂದು ಯಾವ ರೊಟ್ಟಿ? ಖಡಕ್ ರೊಟ್ಟಿ. ಡಂಬಳದ ತೋಂಟದಾರ್ಯ ಮಠದ ರೊಟ್ಟಿ ಜಾತ್ರಿಗೆ, ಕೊಪ್ಪಳದ ಗವಿಮಠದ ದಾಸೋಹಕ್ಕ ಊರೂರಿಂದ ಬರೂದು ಯಾವ ರೊಟ್ಟಿ? ಅದೂ ಖಡಕ್ ರೊಟ್ಟಿನ. ಸಾವಿರ ಸಾವಿರ ಮಂದಿ ಒಂದ ಪಂಕ್ತಿಯೊಳಗ ಕುಂತು ಉಣ್ಣಾಕ ಆಗೂದು ಅದರಿಂದ. ದೇವರ ಮನಿಗೆ ನಡೆಯೂದು ನಮ್ಮ ಮನಿ ಯಜಮಾನರಿಗೆ ಯಾಕ ನಡಿಯಂಗಿಲ್ಲ?

ಇನ್ನ, ನಮ್ಮದು ನಮ್ಮದು ಅನ್ನೂದರಾಗ ಎಷ್ಟು ನಮ್ಮದು? ಧಾರವಾಡ ಪೇಡೆ ಮಾಡಿದ ಠಾಕೂರ ಮನೆತನ ಪ್ಲೇಗಿನ ಕಾಲಕ್ಕ ಉತ್ತರದ ಉನ್ನಾವದಿಂದ ಬಂದದ್ದು. ಶೇಂಗಾ, ಮೆಣಸಿನಕಾಯಿ, ಬಟಾಟಿ ಮೂರೂ ಸಮುದ್ರದಾಚೆ ಅಮೆರಿಕಾ ಖಂಡದಿಂದ ಬಂದಾವ. ಸಾಬೂದಾಣಿ ಮಾಡೂ ಮರಗೆಣಸೂ ಅಲ್ಲಿದ. ಅಂದಮ್ಯಾಲೆ ನಮ್ಮ ಉಪವಾಸದ ಖಿಚಡಿ ಪೂರಾ ಪರದೇಶದ್ದು. ಅದನ್ನೆಲ್ಲಾ ಮಡಿಯೊಳಗ ಸೇರಿಸಿಕೊಂಡವರಿಗೆ, ಹೆಣಮಗಳು ಮೊದಲ ಪಂಕ್ತಿಗೆ ಕುಂಡ್ರೂದು ಮಾತ್ರ ಹೊಸಾದು ಅನಸ್ತೈತಿ.

"ವಯಸ್ಸಾದವರ ಹಲ್ಲಿಗೆ ಆಗಂಗಿಲ್ಲ" ಅಂತ ಒಬ್ಬ ಅಕ್ಕಾರು ಅಂದ್ರು. ಖರೇ ಮಾತು. ನಮ್ಮ ಅತ್ತಿಗೂ ಹಲ್ಲಿರಲಿಲ್ಲ. ರೊಟ್ಟಿಗೆ ನೀರು ಚಿಮುಕಿಸಿ ಒದ್ದಿ ಬಟ್ಟಿಯೊಳಗ ಸುತ್ತಿಟ್ರ ಮೆತ್ತಗಾಗ್ತೈತಿ. ಇಲ್ಲಾ ಬಿಸಿ ಸಾರಿನ್ಯಾಗ, ಹಾಲಿನ್ಯಾಗ ಮುರದು ಹಾಕ್ರಿ. ಬ್ಯಾನಿ ಇದ್ದವರಿಗೆ, ಬಾಣಂತಿಗೆ ಬಿಸಿದು ಮಾಡಿಕೊಡೂಣು, ಬ್ಯಾಡಂದವರು ಯಾರು? ಗಟ್ಟಿಮುಟ್ಟಾದ ಮೂವತ್ತು ವರ್ಷದ ಮಗಗ ಯಾಕ?

"ರುಚಿ" ಅಂತೀರಿ. ಒಪ್ಪಿದೆ. ಉಬ್ಬಿದ ಬಿಸಿ ರೊಟ್ಟಿ ಮ್ಯಾಲೆ ಬೆಣ್ಣಿ, ಜೋಡಿಗೆ ಬದನಿಕಾಯಿ ಎಣ್ಣಿಗಾಯಿ ಅಂದ್ರ ನನ್ನ ಬಾಯಾಗೂ ನೀರು ಬರ್ತಾವ. ನಾ ಕಲ್ಲಲ್ಲ. ಆದ್ರ ಬೇಕಾದವರು ಎದ್ದು ಬಡಕೋಬೇಕು.

ಈಗ ಕೊಂಡ ರೊಟ್ಟಿ ಮಾತು. ಇದಕ್ಕಂತೂ ನೀವು ಬಡಗಿ ತಗೋತೀರಿ. ನಾ ರೊಟ್ಟಿ ಕೊಳ್ತೀನಿ. ಎರಡು ವರ್ಷ ಆತು. ನಮ್ಮ ಹಿಂದಿನ ಓಣಿಯೊಳಗ ಒಬ್ಬಾಕಿ ಮನಿಯೊಳಗ ಬಡದು ಮಾರ್ತಾಳ, ಅಕಿ ಕಡೆ ತರ್ತೀನಿ. "ಹಂಗಾದ್ರ ಅಕಿನೂ ಹೊಗಿಯೊಳಗ ಕುಂತಾಳಲ್ಲ, ನಿನ್ನ ಕಷ್ಟ ಅಕಿ ತಲಿಮ್ಯಾಲೆ ಹಾಕಿದಿ" ಅಂತ ನಮ್ಮ ತಂಗಿ ಕೇಳಿದ್ಲು. ಸರಿಯಾದ ಪ್ರಶ್ನೆ. ಅದಕ್ಕ ನಾನೂ ಭಾಳ ವಿಚಾರ ಮಾಡೀನಿ. ಅಕಿ ಕೈ ನೋವೂ ನೋವ. ಆದ್ರ ಅಕಿ ಲೆಕ್ಕ ಬರದು ಇಡ್ತಾಳ. ಇಷ್ಟು ರೊಟ್ಟಿ, ಇಷ್ಟು ರೊಕ್ಕ. ಮೈಯಾಗ ಆರಾಮ ಇಲ್ಲಂದ್ರ "ಇವತ್ತ ಇಲ್ಲ ಅಕ್ಕಾರ" ಅಂತಾಳ. ಅವ್ವ ಒಂದಿನ ಹಂಗ ಅಂದದ್ದು ನಾ ಕೇಳಿಲ್ಲ. ಅದಕ್ಕ ಅಕಿ ಕಡೆ ಚೌಕಾಶಿ ಮಾಡಬ್ಯಾಡ್ರಿ ಅಂತನೂ ಇಲ್ಲೇ ಹೇಳ್ತೀನಿ. ಸೀರಿ ಅಂಗಡಿಯೊಳಗ ಹೇಳಿದಷ್ಟು ಕೊಟ್ಟು ಬಂದು, ರೊಟ್ಟಿಗೆ ಒಂದು ರೂಪಾಯಿ ಕಡಿಮಿ ಮಾಡು ಅನ್ನೂದು ನಾಚಿಕಿಗೇಡು.

ನಮ್ಮ ಜಿಲ್ಲಾದಾಗ ಕುಂದಗೋಳ ತಾಲೂಕಿನ ತೀರ್ಥ ಊರಿನ ಬೀಬಿ ಫಾತಿಮಾ ಸ್ವಸಹಾಯ ಸಂಘದ ಹೆಣಮಕ್ಕಳು ಸಾವಿ, ನವಣಿ ಬೀಜ ಉಳಿಸಿ, ಯಂತ್ರ ಇಟ್ಟು ಹಸನು ಮಾಡಿ ಮಾರಿದ್ದಕ್ಕ 2025ರಾಗ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಪೇಪರಿನ್ಯಾಗ ಓದಿ ಎದಿ ಉಬ್ಬಿತು ನಂಗ. ಅವರ ಅಜ್ಜಿ, ಮುತ್ತಜ್ಜೇರು ಅದ ಸಾವಿ, ನವಣಿ ಒರಳಿನ್ಯಾಗ ಕುಟ್ಟಿ ಕುಟ್ಟಿ ಸತ್ತರು, ಅವರನ್ನ ಯಾರೂ ಕೇಳಲಿಲ್ಲ. ಲೆಕ್ಕದ ಪುಸ್ತಕ ಬಂದಮ್ಯಾಲೆ ಅದಕ್ಕ ಕೆಲಸ ಅಂತ ಹೆಸರು ಬಂತು.

ಕಡೀಕ ನನ್ನ ತಪ್ಪೂ ಹೇಳಬೇಕು, ಇಲ್ಲಂದ್ರ ಇದು ಬರೇ ಬಾಯಿ ಮಾತಾಗ್ತೈತಿ. ಸೊಸಿ ಹುಬ್ಬಳ್ಳಿಗೆ ಕೆಲಸಕ್ಕ ಹೋಗ್ತಾಳ. ಮುಂಜಾನೆ ಏಳೂವರಿ ಬಸ್ಸು. ಹೊಸದಾಗಿ ಬಂದಾಗ ನಾನ ಅಕಿನ್ನ ಐದಕ್ಕ ಎಬ್ಬಿಸಿ, "ನಮ್ಮ ಮನಿಯೊಳಗ ಬಿಸಿ ರೊಟ್ಟಿನ ಪದ್ಧತಿ" ಅಂತ ಹಂಚಿನ ಮುಂದ ನಿಲ್ಲಿಸಿದ್ದೆ. ಅಕಿ ರೊಟ್ಟಿ ದುಂಡಗ ಬರ್ತಿರಲಿಲ್ಲ, ಅದಕ್ಕ ಮಂದಿ ಮುಂದ ನಕ್ಕಿದ್ದೆ. ಒಂದಿನ ನೀರು ಕುಡಿಯಾಕ ಒಳಗ ಹೋದ್ರ, ಒಂದು ಕೈಯಾಗ ಬ್ಯಾಗ್ ಹಿಡಕೊಂಡು, ನಿಂತಕೊಂಡ, ಸೀದ ರೊಟ್ಟಿ ಮುರದು ಬಾಯಿಗೆ ಹಾಕ್ಕೊಳಾಕತ್ತಿದ್ಲು. ನನ್ನ ನೋಡಿ ರೊಟ್ಟಿ ಹಿಂದ ಮುಚ್ಚಿಕೊಂಡ್ಲು, ಕದ್ದು ತಿಂದವರ ಹಂಗ. ಅದ ಸೀದ ಅಂಚು. ನನಗ ನಮ್ಮವ್ವ ಕಂಡ್ಲು. ನಮ್ಮವ್ವನ್ನ ಹಂಗ ಕೂಡ್ರಿಸಿದವರನ್ನ ನಾ ಜನ್ಮ ಪೂರ್ತಿ ಬೈದಿದ್ದೆ. ಈಗ ಆ ಜಾಗಾದಾಗ ನಾನ ನಿಂತಿದ್ದೆ.

ಅವತ್ತಿಂದ ನಮ್ಮ ಮನಿಯೊಳಗ ಖಡಕ್ ರೊಟ್ಟಿ. ಐತವಾರ ಮಾತ್ರ ಬಿಸಿ ರೊಟ್ಟಿ, ಅದೂ ಬೇಕಾದವರು ಬಡಕೋಬೇಕು. ಮಗ ಕಲತಾನ. ಅಂವನ ರೊಟ್ಟಿ ಒಂದೊಂದು ಸಲ ಒಂದೊಂದು ದೇಶದ ನಕಾಶಿ ಆಗ್ತೈತಿ, ಆದ್ರ ಬೇಯತೈತಿ. ಯಜಮಾನರು ಆರು ತಿಂಗಳು ಮಾರಿ ಗಂಟು ಹಾಕಿದ್ರು. ಈಗ ತಾವ ಬುಟ್ಟಿಯಿಂದ ರೊಟ್ಟಿ ತಗೊಂಡು, "ಹಿಂಡಿ ಎಲ್ಲೈತಿ?" ಅಂತ ಕೇಳ್ತಾರ. ಡಬ್ಬಿ ಜಾಗ ಇನ್ನೂ ಗೊತ್ತಾಗಿಲ್ಲ. ಆಗ್ತೈತಿ.

ನಾದನಿ, ನೀನೂ ಇದನ್ನ ಓದಿರ್ತಿ. ಸೊಸಿಗೆ ದುಂಡನ ರೊಟ್ಟಿ ಬಡಿಯಾಕ ಬರಂಗಿಲ್ಲ, ಖರೇ. ಮನಿ ಸಾಲದ ಕಂತು ಅರ್ಧ ಅಕಿ ಕಟ್ತಾಳ, ಅದೂ ಖರೇ. ಎರಡೂ ಹೇಳೋದಿದ್ರ ಹೇಳು, ಒಂದ ಹೇಳಬ್ಯಾಡ. ಈ ಸಲ ರೊಟ್ಟಿ ಪಂಚಮಿಗೆ ನಮ್ಮ ಮನಿಂದ ಬರೂ ರೊಟ್ಟಿ ಕೊಂಡವು, ಹೇಳೇ ಕೊಡ್ತೀನಿ. ಜೋಡಿಗೆ ಗುರೆಳ್ಳ ಹಿಂಡಿ ನನ್ನ ಕೈದು. ನೀನೂ ನಿಮ್ಮ ಮಂದೀನ ಮೊದಲ ಉಣಿಸಬ್ಯಾಡ. ಅವರ ಜೋಡಿ ಕುಂತು, ಎಲ್ಲಾರೂ ಕೂಡಿ ಮುರೀರಿ.