ಸಿವಂಗಿಯ ಚಿತ್ರ, ಖರಾಬು ಜಮೀನು

ನಿವೃತ್ತಿಯ ಬಳಿಕ ಹಳೆಯ ಪ್ರಾಣಿಚಿತ್ರಗಳನ್ನು ನೋಡುವ ಹವ್ಯಾಸ ಬೆಳೆಸಿಕೊಂಡಿದ್ದೇನೆ. ಅವುಗಳಲ್ಲಿ ನನ್ನನ್ನು ಬಹುವಾಗಿ ಕಾಡಿದ್ದು, ಇಂಗ್ಲೆಂಡಿನ ಜಾರ್ಜ್ ಸ್ಟಬ್ಸ್ 1765ರ ಸುಮಾರಿಗೆ ರಚಿಸಿದ ಚೀತಾದ ಚಿತ್ರ. ಮದರಾಸಿನ ಗವರ್ನರನಾಗಿದ್ದ ಜಾರ್ಜ್ ಪಿಗಟ್ ತನ್ನ ದೊರೆಗೆ ಕಾಣಿಕೆಯಾಗಿತ್ತ ಪ್ರಾಣಿ ಅದು. ಮೈಯ ಚುಕ್ಕೆಗಳು, ಜೊತೆಗಿರುವ ಇಬ್ಬರು ಭಾರತೀಯ ಪರಿಚಾರಕರು, ಎಲ್ಲವೂ ಜೀವಂತ. ಹಿನ್ನೆಲೆಯ ನೆಲವೊಂದು ಮಾತ್ರ ಕಲ್ಪನೆಯದು. ಕಲಾವಿದ ಭಾರತವನ್ನು ಕಂಡವನಲ್ಲ.

ಆ ನೆಲ ನಮಗೆ ಅಪರಿಚಿತವಲ್ಲ. 1867ರಲ್ಲಿ ಪ್ರಕಟವಾದ ಜರ್ಡನ್‌ನ ಭಾರತೀಯ ಸಸ್ತನಿಗಳ ಗ್ರಂಥದಲ್ಲಿ ಚೀತಾಕ್ಕೆ ‘ಸಿವಂಗಿ’ ಎಂಬ ಕನ್ನಡದ ಹೆಸರೂ ದಾಖಲಾಗಿದೆ. ಅದು ದಟ್ಟಡವಿಯ ಪ್ರಾಣಿಯಲ್ಲ. ಚಿಗರಿ ಮೇಯುವ ಬಯಲಿನದು. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಅಂಥ ಬಯಲುಗಳನ್ನು ಸೇವಾವಧಿಯಲ್ಲಿ ನಾನು ಎಷ್ಟೋ ಬಾರಿ ದಾಟಿದ್ದೇನೆ. ಕಡತಗಳಲ್ಲಿ ಅವುಗಳ ಹೆಸರು ಗಾಯರಾಣ, ಇಲ್ಲವೇ ಖರಾಬು. ‘ಉಪಯೋಗಕ್ಕೆ ಬಾರದ ಜಮೀನು’ ಎಂಬ ಟಿಪ್ಪಣಿಯ ಕೆಳಗೆ ನಾನೂ ಸಹಿ ಹಾಕಿದ್ದೇನೆ. ಸ್ಟಬ್ಸ್ ಕಾಣದ ನೆಲವನ್ನು ಕಲ್ಪಿಸಿಕೊಂಡ. ನಾನು ಕಂಡ ನೆಲವನ್ನೇ ಇಲ್ಲವೆಂದು ಬರೆದೆ.

ಭಾರತದಲ್ಲಿ ಚೀತಾ ಅಳಿದುಹೋಯಿತೆಂದು 1952ರಲ್ಲಿ ಘೋಷಿಸಲಾಯಿತು. 2022ರ ಸೆಪ್ಟೆಂಬರ್ 17ರಂದು ನಮೀಬಿಯಾದ ಎಂಟು ಚೀತಾಗಳು ಮಧ್ಯಪ್ರದೇಶದ ಕುನೋಗೆ ಬಂದವು. ಅಂಥದ್ದೇ ವೈಭವ ನಮ್ಮ ಜಿಲ್ಲೆಗೂ ಬರಲಿ ಎಂಬುದು ನನ್ನ ವಾದವಲ್ಲ. ಚಿಗರಿ, ತೋಳ, ನರಿಗಳಿಗೂ ಕುರಿಗಾರರ ಹಿಂಡುಗಳಿಗೂ ಇಂದಿಗೂ ಆಸರೆಯಾದ ಹುಲ್ಲುನೆಲ ಉಳಿಯಲಿ ಎಂಬುದಷ್ಟೇ ನನ್ನ ಕೋರಿಕೆ.

ತೊಗರಿಯ ಹೊಲಕ್ಕೆ ಚಿಗರಿ ನುಗ್ಗಿದಾಗ ರೈತನಿಗಾಗುವ ನಷ್ಟ ಸಣ್ಣದಲ್ಲ. ಅವನಿಗೆ ಪರಿಹಾರ ಸಕಾಲದಲ್ಲಿ ಸಲ್ಲಲೇಬೇಕು. ಆದರೆ ಮೇವಿನ ಬಯಲನ್ನು ಒಂದೊಂದಾಗಿ ಕಿತ್ತುಕೊಂಡರೆ ಆ ಪ್ರಾಣಿ ಹೊಲಕ್ಕಲ್ಲದೆ ಇನ್ನೆಲ್ಲಿಗೆ ಹೋದೀತು? ಮಾರುಕಟ್ಟೆಯಲ್ಲಿ ಬೆಲೆಯಿಲ್ಲದ್ದಕ್ಕೆ ಮೌಲ್ಯವೂ ಇಲ್ಲವೆಂದು ಭಾವಿಸುವುದು ಅರ್ಥಶಾಸ್ತ್ರವಲ್ಲ, ಲೆಕ್ಕದ ಲೋಪ.

ಯಾವುದೇ ಗಾಯರಾಣವನ್ನು ಅನ್ಯ ಉದ್ದೇಶಕ್ಕೆ ಕೊಡುವ ಮುನ್ನ, ಅಲ್ಲಿ ಎಷ್ಟು ಕುರಿಗಳು ಮೇಯುತ್ತವೆ, ಯಾವ ವನ್ಯಜೀವಿಗಳಿವೆ ಎಂಬುದನ್ನು ಗ್ರಾಮಸಭೆಯ ಎದುರು ದಾಖಲಿಸುವುದು ಕಡ್ಡಾಯವಾಗಲಿ. ಇದಕ್ಕೆ ಹೆಚ್ಚಿನ ವೆಚ್ಚವೇನೂ ಬೇಕಿಲ್ಲ. ಒಂದು ದಿನ ಜೀಪಿನಿಂದಿಳಿದು ನಡೆದರೆ ಸಾಕು. ನಾನು ಇಳಿಯಲಿಲ್ಲ. ಸಿವಂಗಿಯನ್ನು ಈಗ ಚಿತ್ರದಲ್ಲಿಯೇ ನೋಡಬೇಕು. ಚಿಗರಿಯ ಪಾಲಿಗೂ ಅದೇ ಗತಿ ಬಾರದಿರಲಿ.