108 ಪೀಸ್ ಡಬ್ಬಿಗಿಂತ ಮೊದಲು ನಿಮ್ಮ ಗಾಡಿಯ ಬೋಲ್ಟ್ ನೋಡಿ

ಆನ್‌ಲೈನ್ ಸೇಲ್ ಶುರುವಾದ ತಕ್ಷಣ ನಮ್ಮ ಆಫೀಸ್ ಗ್ರೂಪಿಗೆ ಒಂದು ಲಿಂಕ್ ಬಂದೇ ಬರುತ್ತೆ. ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಾಲಾಗಿ ಹೊಳೆಯೋ ಸಾಕೆಟ್‌ಗಳು, ಮೇಲೆ ದೊಡ್ಡದಾಗಿ 46 ಪೀಸ್, ಇಲ್ಲಾಂದ್ರೆ 108 ಪೀಸ್. ಜೊತೆಗೆ ಒಂದು ಪ್ರಶ್ನೆ: "ಗಾಡಿ ಸಣ್ಣಪುಟ್ಟ ಕೆಲಸಕ್ಕೆ ಇದನ್ನ ತಗೋಬಹುದಾ?" ಗುಂಪಿನಲ್ಲಿ ಬಿಡುವಿನ ದಿನ ಬೈಕ್ ಬಿಚ್ಚಿಕೊಂಡು ಕೂರೋನು ನಾನೊಬ್ಬನೇ ಆದ್ದರಿಂದ ಉತ್ತರ ಹೇಳೋ ಸರದಿ ನಂದೇ. ಪ್ರತಿ ಸಲ ಟೈಪ್ ಮಾಡೋ ಬದಲು ಈ ಸಲ ಇಲ್ಲೇ ಬರೀತಿದ್ದೀನಿ.

ಮೊದಲು ಆ 46 ಪೀಸ್ ಏನೇನು ಅಂತ ಎಣಿಸಿ ನೋಡಿ. ಸಾಮಾನ್ಯವಾಗಿ ಅದು ಕಾಲು ಇಂಚಿನ ಸೆಟ್. ಸಾಕೆಟ್‌ಗಳು 4, 4.5, 5, 5.5 ಅಂತ ಶುರುವಾಗಿ 14 ಮಿ.ಮೀ. ತನಕ ಹದಿಮೂರು. ಉಳಿದದ್ದರಲ್ಲಿ ಬಹುಪಾಲು ಸ್ಕ್ರೂ ಬಿಟ್‌ಗಳು. ಪುಟಾಣಿ ಬಿಟ್ಟನ್ನೂ ಒಂದು ಪೀಸ್ ಅಂತಲೇ ಲೆಕ್ಕ ಹಾಕಿರ್ತಾರೆ. ಆ ಹದಿಮೂರರಲ್ಲಿ ನಿಮ್ಮ ಸ್ಕೂಟರ್ ಅಥವಾ ಬೈಕಿಗೆ ಪದೇ ಪದೇ ಬೇಕಾಗೋದು ನಾಲ್ಕೇ ನಾಲ್ಕು: 8, 10, 12, 14. ಉಳಿದವು ಡಬ್ಬಿಯಲ್ಲೇ ಹೊಳೀತಾ ಇರ್ತವೆ.

ಯಾಕೆ ಈ ನಾಲ್ಕೇ ಅಂದ್ರೆ, ನಮ್ಮ ರಸ್ತೆಯಲ್ಲಿ ಓಡೋ ಗಾಡಿಗಳಲ್ಲಿ ಬಹಳಷ್ಟರ ಮೂಲ ವಿನ್ಯಾಸ ಜಪಾನಿನದು. ಹೀರೋ, ಹೋಂಡಾ, ಯಮಹಾ, ಟಿವಿಎಸ್, ಮಾರುತಿ ಎಲ್ಲಕ್ಕೂ ಒಂದಲ್ಲ ಒಂದು ಕಾಲದಲ್ಲಿ ಜಪಾನ್ ನಂಟು ಇದೆ. ಜಪಾನಿ ಪದ್ಧತಿಯಲ್ಲಿ 6 ಮಿ.ಮೀ. ದಪ್ಪದ ಬೋಲ್ಟಿಗೆ 10ರ ತಲೆ (ಕೆಲವು ಕಡೆ 8ರದು), 8 ಮಿ.ಮೀ. ಬೋಲ್ಟಿಗೆ 12ರ ತಲೆ, 10 ಮಿ.ಮೀ. ಬೋಲ್ಟಿಗೆ 14ರ ತಲೆ. ಯುರೋಪಿನ ಪದ್ಧತಿಯಲ್ಲಿ ಅದೇ 8 ಮಿ.ಮೀ. ಬೋಲ್ಟಿಗೆ 13ರ ತಲೆ ಇರುತ್ತೆ. ಹಾಗಾಗಿ ಕೆಟಿಎಂ, ಫೋಕ್ಸ್‌ವ್ಯಾಗನ್, ಸ್ಕೋಡಾ ಇಟ್ಕೊಂಡಿರೋರಿಗೆ 13 ಬೇಕೇ ಬೇಕು, ನಕ್ಷತ್ರದ ಆಕಾರದ ಟಾರ್ಕ್ಸ್ ಬಿಟ್‌ಗಳೂ ಬೇಕು. ಹೀರೋ ಸ್ಪ್ಲೆಂಡರ್ ಇರೋರಿಗೆ ಅವು ಹೊರೆ. ಅಂದ್ರೆ ಸೆಟ್ಟಿನ ಫೋಟೋ ನೋಡೋ ಮೊದಲು ಮೊಬೈಲ್ ಟಾರ್ಚ್ ಹಿಡಿದು ನಿಮ್ಮ ಗಾಡಿ ಪಕ್ಕ ಹತ್ತು ನಿಮಿಷ ಕೂತ್ಕೊಳ್ಳಿ. ಬ್ಯಾಟರಿ ಟರ್ಮಿನಲ್, ಕನ್ನಡಿ, ಏರ್ ಫಿಲ್ಟರ್ ಮುಚ್ಚಳ, ಚೈನ್ ಅಡ್ಜಸ್ಟರ್ ಎಲ್ಲೆಲ್ಲಿ ಯಾವ ಸೈಜು ಅಂತ ನೋಟ್ ಮಾಡ್ಕೊಳ್ಳಿ. ಆ ಪಟ್ಟಿಯೇ ನಿಮ್ಮ ಟೂಲ್ ಸೆಟ್.

ನಮ್ಮ ಬೀದಿ ಕೊನೆಯ ಮೆಕ್ಯಾನಿಕ್ ಅಣ್ಣನ ಕಡೆ ಗಮನಿಸಿ. ಅವರ ಕೈಯಲ್ಲಿ ಸದಾ ಇರೋದು ಎರಡೋ ಮೂರೋ ಟಿ ಸ್ಪ್ಯಾನರ್. "ಹತ್ತು, ಹನ್ನೆರಡು ಇದ್ರೆ ಅರ್ಧ ಗಾಡಿ ಬಿಚ್ಚಬಹುದು ಸಾರ್" ಅಂತಾರೆ. ಜಂಬದ ಮಾತಲ್ಲ ಅದು, ನಿಜ.

ಇನ್ನು ಎಲ್ಲರೂ ಮರೆಯೋ ವಿಷಯ, ಹಿಡಿಯ ಉದ್ದ. ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ದುಡ್ಡು ಹೋಗೋದು ಇಲ್ಲೇ. ನಮ್ಮ ಟೀಮಿನ ಹುಡುಗನೊಬ್ಬ ಅಪ್ಪನ ಹಳೇ ಬೈಕನ್ನ ತಿಪಟೂರಿನಿಂದ ಬೆಂಗಳೂರಿಗೆ ತಂದಿದ್ದ. ಅವರಪ್ಪ ರಿಟೈರ್ ಆಗೋ ತನಕ ಡ್ಯೂಟಿಗೆ ಓಡಿಸಿದ ಗಾಡಿ. ಆಯಿಲ್ ಬದಲಾಯಿಸೋಕೆ ಅಂತ ಹೊಸ ಅರ್ಧ ಇಂಚಿನ ಸೆಟ್ ತರಿಸಿದ. ಆಯಿಲ್ ಇಳಿಸಿದ, ಹೊಸ ವಾಷರ್ ಹಾಕಿದ, ಡ್ರೈನ್ ಬೋಲ್ಟನ್ನ "ಲೀಕ್ ಆಗ್ಬಾರ್ದು" ಅಂತ ಉದ್ದ ರಾಚೆಟ್ಟಿನಲ್ಲಿ ಚೆನ್ನಾಗಿ ಬಿಗಿದ. ಕೊನೇ ಕಾಲು ಸುತ್ತಿನಲ್ಲಿ ಬೋಲ್ಟ್ ಇದ್ದಕ್ಕಿದ್ದಂತೆ ಹಗುರಾಯ್ತು. ಇಂಜಿನ್ ಕೇಸಿನ ಥ್ರೆಡ್ ಕಿತ್ಕೊಂಡು ಬಂದಿತ್ತು. ಬೋಲ್ಟ್ ಉಕ್ಕಿನದು, ಕೇಸ್ ಅಲ್ಯೂಮಿನಿಯಂನದು, ಸೋಲೋದು ಅಲ್ಯೂಮಿನಿಯಮ್ಮೇ. ಲೇತ್ ಅಂಗಡಿಯಲ್ಲಿ ತೂತು ಕೊರೆಸಿ, ಒಳಗೆ ಹೊಸ ಥ್ರೆಡ್ ಸುರುಳಿ ಕೂರಿಸಿ ಗಾಡಿ ಎದ್ದು ನಿಲ್ಲೋಕೆ ವಾರವಾಯ್ತು, ಖರ್ಚು ಸೆಟ್ಟಿನ ಬೆಲೆ ದಾಟಿತು. ಅಪ್ಪನಿಗೆ ಇನ್ನೂ ಹೇಳಿಲ್ಲ ಅಂತಾನೆ.

ಇದರ ಹಿಂದೆ ಇರೋದು ನಾವು ಪಿಯುಸಿಯಲ್ಲಿ ಓದಿದ ಲೆಕ್ಕ. 10ರ ತಲೆಯ 6 ಮಿ.ಮೀ. ಬೋಲ್ಟಿಗೆ ಬೇಕಾಗಿರೋ ಬಿಗಿತ ಸುಮಾರು 10 ನ್ಯೂಟನ್ ಮೀಟರ್. ಹದಿಮೂರು ಸೆಂ.ಮೀ. ಉದ್ದದ ಸ್ಪ್ಯಾನರ್ ಹಿಡಿದ್ರೆ ತುದಿಯಲ್ಲಿ ಎಂಟು ಕೆ.ಜಿ. ತೂಕದಷ್ಟು ಎಳೀಬೇಕು. ಇಪ್ಪತ್ತೈದು ಸೆಂ.ಮೀ. ರಾಚೆಟ್ ಆದ್ರೆ ನಾಲ್ಕೇ ಕೆ.ಜಿ. ಸಾಕು. ನಾಲ್ಕು ಕೆ.ಜಿ. ಅಂದ್ರೆ ತರಕಾರಿ ಚೀಲ! ದೊಡ್ಡ ಹಿಡಿಯಲ್ಲಿ ಒಬ್ಬ ಗಟ್ಟಿ ಆಳು ಇಪ್ಪತ್ತು ಕೆ.ಜಿ. ಹಾಕಿ ಎಳೆದ್ರೆ ಆ ಬೋಲ್ಟಿಗೆ ಬೇಕಾದ್ದರ ಐದು ಪಟ್ಟು ಬೀಳುತ್ತೆ, ಕೈಗೆ ಮಾತ್ರ ಅಷ್ಟಾಯ್ತು ಅಂತ ಗೊತ್ತೇ ಆಗಲ್ಲ. ಸಣ್ಣ ಸೈಜಿನ ಸ್ಪ್ಯಾನರ್ ಗಿಡ್ಡ ಇರೋದು ಜಿಪುಣತನಕ್ಕಲ್ಲ, ಗಿಡ್ಡ ಇರೋದೇ ಅದರ ಸೇಫ್ಟಿ.

ಹಾಗಾಗಿ ಬೈಕ್ ಮಾತ್ರ ಇರೋರಿಗೆ ನಾನು ಹೇಳೋದು: 6ರಿಂದ 19ರ ತನಕದ ಕಾಂಬಿನೇಷನ್ ಸ್ಪ್ಯಾನರ್ ಸೆಟ್ ಒಂದು (ಒಂದು ತುದಿ ಓಪನ್, ಇನ್ನೊಂದು ರಿಂಗ್), 8, 10, 12, 14ರ ಟಿ ಸ್ಪ್ಯಾನರ್, ಒಂದು ಅಲೆನ್ ಕೀ ಸೆಟ್, ಒಂದು ಕಟಿಂಗ್ ಪ್ಲೇಯರ್, ಎರಡು ಒಳ್ಳೆ ಸ್ಕ್ರೂ ಡ್ರೈವರ್. ಟಪಾರಿಯಾದಂಥ ನಮ್ಮ ದೇಶದ ಹಳೇ ಬ್ರ್ಯಾಂಡಿನಲ್ಲೇ ತಗೊಂಡ್ರೂ ಸಾಕು. ಪ್ಲಗ್ ಸ್ಪ್ಯಾನರ್ ಗಾಡಿ ಜೊತೆ ಬಂದ ಕಿಟ್ಟಿನಲ್ಲೇ ಇರುತ್ತೆ, ಸೀಟ್ ಎತ್ತಿ ಹುಡುಕಿ. ಸೆಕೆಂಡ್ ಹ್ಯಾಂಡ್ ಗಾಡಿಯಾದ್ರೆ ಅದು ಇರೋದು ಅನುಮಾನ. 10ರ ಟಿ ಸ್ಪ್ಯಾನರ್ ಎರಡು ತಗೊಳ್ಳಿ, ಒಂದು ಕಳೆದುಹೋಗುತ್ತೆ.

ಸಾಕೆಟ್ ಸೆಟ್ಟೇ ಬೇಕು ಅನ್ನೋರು 3/8 ಇಂಚಿನದು ನೋಡಿ. ಕಾಲು ಇಂಚಿನದು ತುಕ್ಕು ಹಿಡಿದ 14ರ ನಟ್ಟಿಗೆ ಸಾಲಲ್ಲ, ಅರ್ಧ ಇಂಚಿನದು ಬೈಕಿನ ಸಣ್ಣ ಬೋಲ್ಟಿಗೆ ಜಾಸ್ತಿ. ಸಾಕೆಟ್ ಒಳಗೆ ಆರು ಮೂಲೆ ಇರಬೇಕು. ಹನ್ನೆರಡು ಮೂಲೆಯದು ಸವೆದ ಬೋಲ್ಟ್ ತಲೆಯನ್ನ ಇನ್ನಷ್ಟು ದುಂಡಗೆ ಮಾಡುತ್ತೆ. ಕ್ರೋಮ್ ವನೇಡಿಯಂ ಅಂತ ಕೊರೆದಿದ್ದನ್ನ ಪೂರ್ತಿ ನಂಬಬೇಡಿ, ಆ ಅಕ್ಷರ ಯಾರು ಬೇಕಾದ್ರೂ ಕೊರೀಬಹುದು.

ಸ್ಕ್ರೂ ಡ್ರೈವರ್ ಬಗ್ಗೆ ಒಂದು ಮಾತು. ಜಪಾನಿ ಗಾಡಿಗಳ ಪ್ಲಸ್ ಸ್ಕ್ರೂ ನೋಡೋಕೆ ಫಿಲಿಪ್ಸ್ ಥರಾನೇ ಇದ್ರೂ ಬೇರೆ. ಅದನ್ನ ಜೆಐಎಸ್ ಅಂತಾರೆ, ತಲೆಯ ಮೇಲೆ ಎಷ್ಟೋ ಸಲ ಒಂದು ಚುಕ್ಕೆ ಇರುತ್ತೆ. ಫಿಲಿಪ್ಸ್ ಹಾಕಿ ತಿರುಗಿಸಿದ್ರೆ ಜಾರಿ ಮೇಲೆದ್ದು ಸ್ಕ್ರೂ ತಲೆ ಹಾಳಾಗುತ್ತೆ. "ಈ ಸ್ಕ್ರೂ ಬರ್ತಾನೇ ಇಲ್ಲ" ಅಂತ ಬೈಯೋರು ಒಂದು ಜೆಐಎಸ್ ಡ್ರೈವರ್ ತರಿಸಿ ನೋಡಿ.

ಬೆಂಗಳೂರಿನಲ್ಲಿದ್ರೆ ಒಂದು ಶನಿವಾರ ಎಸ್‌ಪಿ ರೋಡಿಗೆ ಹೋಗಿ, ಭಾನುವಾರ ಬಹಳಷ್ಟು ಅಂಗಡಿ ಮುಚ್ಚಿರುತ್ತೆ. ಸ್ಪ್ಯಾನರ್ ಕೈಯಲ್ಲಿ ಹಿಡಿದು, ಒಂದು ಬೋಲ್ಟಿಗೆ ಹಾಕಿ ಅಲ್ಲಾಡಿಸಿ ನೋಡಬಹುದು, ಬಿಡಿಬಿಡಿಯಾಗಿ ಕೊಳ್ಳಬಹುದು. ಪಾರ್ಕಿಂಗ್ ಸಿಗುತ್ತೆ ಅನ್ನೋ ಆಸೆ ಬೇಡ, ಮೆಟ್ರೋದಲ್ಲೇ ಹೋಗಿ.

ಟಾರ್ಕ್ ರೆಂಚ್ ಮೊದಲ ದಿನವೇ ಬೇಡ. ಆದ್ರೆ ಆಯಿಲ್, ಸ್ಪಾರ್ಕ್ ಪ್ಲಗ್ ನೀವೇ ಬದಲಾಯಿಸ್ತೀರಿ ಅಂದ್ರೆ 5ರಿಂದ 25 ನ್ಯೂಟನ್ ಮೀಟರ್ ಅಳತೆಯ ಸಣ್ಣದು ಒಂದು ತಗೊಳ್ಳಿ. ಕಾರಿನ ಚಕ್ರಕ್ಕೆ ಅಂತ ತಗೊಂಡ ದೊಡ್ಡದನ್ನ ಬೈಕಿನ ಸಣ್ಣ ಬೋಲ್ಟಿಗೆ ಬಳಸಬೇಡಿ, ಅಷ್ಟು ಕೆಳಗಿನ ಅಳತೆ ಅದಕ್ಕೆ ಬರಲ್ಲ. ವಾರಂಟಿಯಲ್ಲಿರೋ ಗಾಡಿಯ ಇಂಜಿನ್ ಕೆಲಸ ಸರ್ವೀಸ್ ಸೆಂಟರಿಗೇ ಬಿಡಿ. ಬ್ರೇಕ್ ಕ್ಯಾಲಿಪರ್, ಮುಂದಿನ ಫೋರ್ಕ್ ಕೆಲಸ ಮೆಕ್ಯಾನಿಕ್ ಅಣ್ಣನಿಗೇ ಕೊಡಿ.

ಕಾರ್ ಇರೋರಿಗೆ ಹೆಚ್ಚಿಗೆ ಬೇಕಾಗೋದು ಚಕ್ರದ ನಟ್ಟಿನ ಸೈಜು (ಮಾರುತಿಗೆ ಸಾಮಾನ್ಯವಾಗಿ 19, ಹ್ಯುಂಡೈಗೆ 21), ಉದ್ದ ಹಿಡಿಯ ರೆಂಚ್, ಮತ್ತೆ ಒಂದು ಜೊತೆ ಜಾಕ್ ಸ್ಟ್ಯಾಂಡ್. ಕಾರಿನ ಜೊತೆ ಬರೋ ಜಾಕ್ ಇರೋದು ಪಂಕ್ಚರ್ ಆದ ಚಕ್ರ ಬದಲಾಯಿಸೋಕೆ ಮಾತ್ರ. ಅದರ ಮೇಲೆ ನಿಂತ ಕಾರಿನ ಕೆಳಗೆ ತಲೆಯಲ್ಲ, ಕೈ ಕೂಡ ಹಾಕಬೇಡಿ. ಟೂಲ್ ಬಜೆಟ್ ಕಮ್ಮಿ ಬಿದ್ರೆ ಸಾಕೆಟ್ ಬಿಡಿ, ಸ್ಟ್ಯಾಂಡ್ ಬಿಡಬೇಡಿ.

ಚೈನ್ ಎಷ್ಟು ಸಡಿಲ ಇರಬೇಕು ಅಂತ ತುಂಬಾ ಜನ ಕೇಳಿದ್ದೀರಿ. ಮುಂದಿನ ಸಲ ಅದೇ.